ಕೆನಡಾದ ಮರಕ್ಕೆ ಸುಂಕ, ಸಾಗರದ ದಾರಂದಕ್ಕೇನು?

ಪ್ರಶ್ನೆ: ಅಕ್ಕನ ಮಗ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಸಾಮಿಲ್ ಕೆಲಸಕ್ಕಿದ್ದಾನೆ. ಅಮೆರಿಕ ಸುಂಕ ಹಾಕಿದ ಮೇಲೆ ಪಾಳಿ ಕಡಿಮೆಯಾಗಿದೆ ಅಂತಾನೆ. ಅಕ್ಕಪಕ್ಕದ ದೇಶಗಳಿಗೆ ಮರದ ಮೇಲೆ ಯಾಕೆ ಜಗಳ? ಸುಂಕ ಕಟ್ಟೋರು ಯಾರು? ನಾನು ಮನೆ ಕಟ್ಟಿಸ್ತಿದ್ದೇನೆ, ಇಲ್ಲೂ ರೇಟು ಏರುತ್ತಾ?
– ಓದುಗರೊಬ್ಬರು, ಸಾಗರ

ಉತ್ತರ: ಈ ಜಗಳಕ್ಕೆ ನಲವತ್ತು ದಾಟಿದೆ, ಶುರುವಾಗಿದ್ದು 1982ರಲ್ಲಿ. ಅದರ ಬೇರು ಮಿಲ್ಲಿನಲ್ಲಿಲ್ಲ, ಕಾಡಿನಲ್ಲಿದೆ. ನಮ್ಮ ಅರಣ್ಯ ಇಲಾಖೆ ಡಿಪೋದ ಹರಾಜು ನೀವು ನೋಡಿರ್ತೀರಿ. ದಿಮ್ಮಿಗಳನ್ನು ಲಾಟು ಮಾಡಿ, ತುದಿಗೆ ನಂಬರು ಹಾಕಿ ಇಟ್ಟಿರ್ತಾರೆ, ಜಾಸ್ತಿ ಕೂಗಿದವರಿಗೆ ಮಾಲು. ಬ್ರಿಟಿಷ್ ಕೊಲಂಬಿಯಾದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಕಾಡು ಸರ್ಕಾರದ್ದು, ಮರ ಕಡಿಯೋಕೆ ಕಂಪನಿಗಳು ಸರ್ಕಾರ ಗೊತ್ತು ಮಾಡಿದ ಶುಲ್ಕ ಕೊಡುತ್ತವೆ. ಅಮೆರಿಕದಲ್ಲಿ ಹೆಚ್ಚಿನ ಮರ ಖಾಸಗಿ ಜಮೀನಿನದು, ಪೇಟೆ ರೇಟಿಗೆ ಹೋಗುತ್ತೆ. ಹಾಗಾಗಿ ಅಲ್ಲಿನ ಮಿಲ್ಲಿನವರು 'ಸರ್ಕಾರವೇ ಸೋವಿಗೆ ಮರ ಕೊಟ್ಟರೆ ನಾವು ಹೇಗೆ ಬದುಕೋದು' ಅಂತಾರೆ. 'ಸ್ವಲ್ಪ ಮರ ಹರಾಜು ಹಾಕಿ, ಆ ರೇಟು ನೋಡಿಯೇ ಶುಲ್ಕ ಹಾಕ್ತೇವೆ' ಅನ್ನೋದು ಕೆನಡಾದ ಜವಾಬು. ಎರಡರಲ್ಲೂ ಹುರುಳಿದೆ, ಅದಕ್ಕೇ ಮುಗಿಯಲ್ಲ.

2006ರಲ್ಲಿ ಒಪ್ಪಂದವಾಗಿತ್ತು, 2015ಕ್ಕೆ ಮುಗಿಯಿತು. 2017ರಿಂದ ಮತ್ತೆ ಸುಂಕ. 2025ರ ಆಗಸ್ಟಿನಲ್ಲಿ ಅದು ಸುಮಾರು 35% ಆಯಿತು, ಅಕ್ಟೋಬರಿನಲ್ಲಿ ಮೇಲೆ ಇನ್ನೊಂದು 10%.

ಯಾರು ಕಟ್ಟುತ್ತಾರೆ? ಕಾನೂನಿನಂತೆ ಆಮದು ಮಾಡಿಕೊಳ್ಳುವವರು. ಆದರೆ ಈ ವ್ಯಾಪಾರದಲ್ಲಿ ಎಷ್ಟೋ ಸಲ ಕೆನಡಾದ ಕಂಪನಿಯೇ ಗಡಿಯಲ್ಲಿ ದುಡ್ಡು ಕಟ್ಟಿ ಮಾಲು ದಾಟಿಸುತ್ತೆ. ಅಮೆರಿಕದಲ್ಲಿ ಮನೆ ಕಟ್ಟೋದು ಜೋರಾಗಿದ್ದರೆ ಅದನ್ನು ಬೆಲೆಗೆ ಸೇರಿಸಿ ಗಿರಾಕಿ ತಲೆಗೆ ದಾಟಿಸಬಹುದು. ಮಂದವಾಗಿದ್ದರೆ ಆಗಲ್ಲ, ಹೊರೆ ಮಿಲ್ಲಿನ ಮೇಲೇ ಉಳಿಯುತ್ತೆ, ಪಾಳಿ ಕಡಿತ ಆಗೋದು ಆಗಲೇ. ಇನ್ನೊಂದು ತಮಾಷೆ ಕೇಳಿ: 2006ರ ಒಪ್ಪಂದದಲ್ಲಿ, ಅಮೆರಿಕ ಅದಕ್ಕೂ ಮೊದಲು ಕಟ್ಟಿಸಿಕೊಂಡಿದ್ದ ಸುಮಾರು 500 ಕೋಟಿ ಡಾಲರ್ ಸುಂಕದಲ್ಲಿ 400 ಕೋಟಿ ವಾಪಸ್ ಬಂತು. ಬಂದಿದ್ದು ಕಂಪನಿಗಳಿಗೆ. ಜಾಸ್ತಿ ಕೊಟ್ಟು ಮನೆ ಕಟ್ಟಿಸಿದವರಿಗೆ ಒಂದು ಪೈಸೆಯೂ ಇಲ್ಲ.

ಇನ್ನು ನಿಮ್ಮ ಮನೆ. ಅಲ್ಲಿಂದ ಅಮೆರಿಕಕ್ಕೆ ಹೋಗೋದು ಸ್ಪ್ರೂಸ್, ಪೈನ್, ಫರ್, ಅಂದರೆ ಮರದ ಗೋಡೆಯ ಚೌಕಟ್ಟಿಗೆ ಬಳಸೋ ಮೆದು ಮರ. ನಮ್ಮ ಹೊನ್ನೆ, ಮತ್ತಿ, ಸಾಗುವಾನಿಗೂ ಅದಕ್ಕೂ ಸಂಬಂಧವೇ ಇಲ್ಲ. ನಮಗೆ ತಟ್ಟಿದ್ದು ಇಲ್ಲಿಗೆ ಸಾಗುವಾನಿ ಕಳಿಸುತ್ತಿದ್ದ ಬರ್ಮಾದ (ಮ್ಯಾನ್ಮಾರ್) ತೀರ್ಮಾನ. 2014ರ ಏಪ್ರಿಲ್‌ನಿಂದ ಅವರು ದಿಮ್ಮಿ ಹೊರಗೆ ಕಳಿಸೋದನ್ನೇ ನಿಲ್ಲಿಸಿದರು, ಸುಂಕವಲ್ಲ, ಪೂರ್ತಿ ಬಂದ್. ಕೆನಡಾ ಸುಂಕದ ಹೆಸರು ಹೇಳಿ ಸಾಮಿಲ್‌ನವರು ಸಿಎಫ್‌ಟಿಗೆ (ಘನ ಅಡಿಗೆ) ರೇಟು ಏರಿಸಿದರೆ ಸುಮ್ನೆ ನಕ್ಕು ಪಕ್ಕದ ಮಿಲ್ಲಿಗೆ ಹೋಗಿ.