ದಪ್ಪ ಪುಸ್ತಕ ಆಮೇಲೆ, ಮೊದಲು ಬಾರ್ಮೆನ್

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಕ್ರೈಸ್ತ ಸಿದ್ಧಾಂತಕ್ಕೂ ಇವತ್ತಿನ ಸಮಾಜಕ್ಕೂ ಏನು ಸಂಬಂಧ ಅಂತ ತಿಳಿಯಲು ಎರಡು ಪುಸ್ತಕ ಹಿಡಿದಿರಿ. ಒಂದರಲ್ಲಿ ಬರೀ ಹಳೆಯ ವಾದವಿವಾದ, ಇನ್ನೊಂದರಲ್ಲಿ ಬರೀ ರಾಜಕೀಯ. ಎರಡೂ ಅರ್ಧಕ್ಕೇ ನಿಂತವು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ.

ದಪ್ಪ ಪುಸ್ತಕದಿಂದ ಬೇಡ. ನಾನು ಸ್ವಿಟ್ಜರ್‌ಲೆಂಡಿನ ದೇವತಾಶಾಸ್ತ್ರಜ್ಞ ಕಾರ್ಲ್ ಬಾರ್ತ್ ಅವರ ದೊಡ್ಡ ಗ್ರಂಥ ‘ಚರ್ಚ್ ಡಾಗ್ಮ್ಯಾಟಿಕ್ಸ್’ನಿಂದ ಶುರು ಮಾಡಿದ್ದೆ. ಅವರು ಮೂವತ್ತು ವರ್ಷಕ್ಕೂ ಜಾಸ್ತಿ ಬರೆದರೂ ಅದು ಮುಗಿಯಲಿಲ್ಲ. ನಾನು ಮೊದಲ ಸಂಪುಟದಲ್ಲೇ ನಿಂತೆ. ಅದೇ ಬಾರ್ತ್ ಮುಖ್ಯವಾಗಿ ಬರೆದ ಬಾರ್ಮೆನ್ ಘೋಷಣೆ ಒಂದೇ ಕೂತಲ್ಲಿ ಓದಿ ಮುಗಿಯುತ್ತದೆ. ಅಲ್ಲಿಂದ ಶುರು ಮಾಡಿ.

ಅದು 1934ರ ಮೇ ತಿಂಗಳು. ಹಿಟ್ಲರ್ ಅಧಿಕಾರಕ್ಕೆ ಬಂದು ವರ್ಷ ದಾಟಿತ್ತು, ಜರ್ಮನಿಯ ಚರ್ಚ್‌ಗಳ ಒಳಗೂ ನಾಜಿ ವಿಚಾರ ನುಗ್ಗಿತ್ತು. ಆಗ ಅದನ್ನು ವಿರೋಧಿಸಿದ ಚರ್ಚ್ ಪ್ರತಿನಿಧಿಗಳು ಜರ್ಮನಿಯ ಬಾರ್ಮೆನ್ ಊರಿನಲ್ಲಿ ಸೇರಿ ಈ ಘೋಷಣೆಯ ಆರು ಅಂಶಗಳನ್ನು ಒಪ್ಪಿದರು. ಪ್ರತಿಯೊಂದರಲ್ಲೂ ಮೊದಲು ಬೈಬಲ್ ವಚನ, ಆಮೇಲೆ ನಾವು ನಂಬುವುದು ಇದು, ಕೊನೆಗೆ ನಾವು ತಳ್ಳಿಹಾಕುವುದು ಇದು. ಕ್ರಿಸ್ತನೊಬ್ಬನೇ ನಾವು ಕೇಳಬೇಕಾದ ದೇವರ ವಾಕ್ಯ ಅನ್ನುತ್ತದೆ ಮೊದಲ ಅಂಶ. ನೋಡಿದರೆ ಬರೀ ಸಿದ್ಧಾಂತ, ಅಲ್ವಾ? ಈಗ ಐದನೆಯದಕ್ಕೆ ಬನ್ನಿ. ನ್ಯಾಯ, ಶಾಂತಿ ಕಾಯುವುದು ಸರ್ಕಾರದ ಕೆಲಸ. ಆದರೆ ಮನುಷ್ಯನ ಇಡೀ ಬದುಕಿಗೆ ತಾನೇ ಒಡೆಯ ಅನ್ನಲು ಅದಕ್ಕೆ ಹಕ್ಕಿಲ್ಲ. ಮೊದಲ ಅಂಶ ತೆಗೆದರೆ ಈ ಮಾತಿಗೆ ನಿಲ್ಲಲು ನೆಲವೇ ಇಲ್ಲ. ನೀವು ಹುಡುಕುತ್ತಿರುವ ಸಂಬಂಧ ಇದೇ.

ಒಂದು ಕೊರತೆಯನ್ನೂ ಗಮನಿಸಿ. ಯೆಹೂದ್ಯರಿಗೆ ಆಗುತ್ತಿದ್ದ ಹಿಂಸೆಯ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ಅದು ತಮ್ಮ ತಪ್ಪು ಅಂತ ಬಾರ್ತ್ 1967ರಲ್ಲಿ ಬರೆದರು. ಅಷ್ಟು ಧೈರ್ಯದ ಬರಹದಲ್ಲೂ ಪಕ್ಕದ ಮನೆಯವರು ಕಾಣದೆ ಹೋದರಲ್ಲ ಅನ್ನುವುದು ನನ್ನನ್ನು ಈಗಲೂ ಕಾಡುತ್ತದೆ.

ಎರಡನೆಯದು ಪೋಪ್ 13ನೇ ಲಿಯೋ 1891ರಲ್ಲಿ ಹೊರಡಿಸಿದ ರೇರುಮ್ ನೊವಾರುಮ್ ಅನ್ನುವ ಬಹಿರಂಗ ಪತ್ರ. ಕಾರ್ಖಾನೆ ಕಾಲದ ಕೂಲಿಯವರ ಪಾಡು ಅದರ ವಿಷಯ. ಕೂಲಿಯ ಭಾಗವನ್ನು ನಿಧಾನವಾಗಿ ಓದಿ. ಕೆಲಸಗಾರ ಒಪ್ಪಿದ, ಮಾಲೀಕ ಕೊಟ್ಟ, ಅಲ್ಲಿಗೆ ಮುಗಿಯಿತು ಅನ್ನುವ ವಾದವನ್ನು ಪೋಪ್ ಒಪ್ಪುವುದಿಲ್ಲ. ಬೇರೆ ದಾರಿಯಿಲ್ಲದೆ ಕಡಿಮೆ ಕೂಲಿಗೆ ಒಪ್ಪಿದವನು ಬಲವಂತಕ್ಕೆ, ಅನ್ಯಾಯಕ್ಕೆ ಸಿಕ್ಕವನು ಅನ್ನುತ್ತಾರೆ. ಅದೇ ಪತ್ರ ಖಾಸಗಿ ಆಸ್ತಿಯ ಹಕ್ಕನ್ನು ಗಟ್ಟಿಯಾಗಿ ಎತ್ತಿಹಿಡಿಯುತ್ತದೆ, ಸಮಾಜವಾದವನ್ನು ಬೇಡ ಅನ್ನುತ್ತದೆ. ಹಾಗಾಗಿ ಯಾರೋ ಕತ್ತರಿಸಿ ಕೊಟ್ಟ ನಾಲ್ಕು ಸಾಲು ನಂಬಬೇಡಿ, ಪೂರ್ತಿ ಓದಿ.

ಓದುವಾಗ ಪಕ್ಕದಲ್ಲಿ ನೋಟ್‌ಬುಕ್ ಇರಲಿ. ಹಾಳೆಯ ಮಧ್ಯೆ ಒಂದು ಗೆರೆ ಎಳೆಯಿರಿ. ಎಡಗಡೆ ಸಿದ್ಧಾಂತ: ಮನುಷ್ಯ ದೇವಸ್ವರೂಪದಲ್ಲಿ ಉಂಟಾದವನು, ಪಾಪ, ಕೃಪೆ, ಪುನರುತ್ಥಾನ, ಹೀಗೆ. ಬಲಗಡೆ ಸಮಾಜದ ಮಾತು: ಕೂಲಿ, ಯುದ್ಧ, ಕಾನೂನು, ಮನೆತನ. ಲೇಖಕರು ಎಡದಿಂದ ಬಲಕ್ಕೆ ಹೇಗೆ ಬಂದರು ಅಂತ ಒಂದು ಸಾಲಿನಲ್ಲಿ ಬರೆಯಿರಿ. ಇಪ್ಪತ್ತು ಪುಟ ಕಳೆದರೂ ಎಡಗಡೆ ಖಾಲಿ ಇದ್ದರೆ ಆ ಪುಸ್ತಕದಲ್ಲಿ ಸಿದ್ಧಾಂತ ಸುಮ್ನೆ ಅಲಂಕಾರ. ನಿಮ್ಮ ಎರಡನೇ ಪುಸ್ತಕಕ್ಕೆ ಆಗಿದ್ದು ಇದೇ ಅನ್ಸುತ್ತೆ. ಎಡಗಡೆ ತುಂಬಿ ಬಲಗಡೆ ಖಾಲಿಯಿದ್ದರೆ ಅದನ್ನು ಬಿಸಾಡಬೇಡಿ, ಅಂಥದ್ದು ಮುಂದೆ ಬೇಕಾಗುತ್ತದೆ. ಎಡಗಡೆಯ ಪದಗಳೇ ಹೊಸದಾಗಿದ್ದರೆ ಕ್ರೈಸ್ತರ ಮುಖ್ಯ ನಂಬಿಕೆಗಳನ್ನು ಚಿಕ್ಕದಾಗಿ ಹೇಳುವ ನೈಸೀನ್ ವಿಶ್ವಾಸ ಪ್ರಮಾಣ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಇವೆರಡೂ ಆದ ಮೇಲೆ ಅಮೆರಿಕದ ದೇವತಾಶಾಸ್ತ್ರಜ್ಞ ರೈನ್‌ಹೋಲ್ಡ್ ನೀಬೂರ್ ಅವರ 1932ರ ಪುಸ್ತಕ ‘ಮಾರಲ್ ಮ್ಯಾನ್ ಅಂಡ್ ಇಮ್ಮಾರಲ್ ಸೊಸೈಟಿ’ ಹಿಡಿಯಬಹುದು. ಒಬ್ಬೊಬ್ಬರಾಗಿ ಒಳ್ಳೆಯವರಾದ ಜನ ಗುಂಪಾದಾಗ ಯಾಕೆ ಸ್ವಾರ್ಥಿಗಳಾಗುತ್ತಾರೆ ಅನ್ನುವುದೇ ಅದರ ಮುಖ್ಯ ವಿಚಾರ. ನಾಜಿಗಳನ್ನು ವಿರೋಧಿಸಿದ ಜರ್ಮನ್ ಪಾದ್ರಿ ಡೀಟ್ರಿಖ್ ಬೋನ್‌ಹಾಫರ್ ಅವರ 1937ರ ಪುಸ್ತಕದಲ್ಲಿ (ಇಂಗ್ಲಿಷ್‌ನಲ್ಲಿ ‘ದಿ ಕಾಸ್ಟ್ ಆಫ್ ಡಿಸೈಪಲ್‌ಶಿಪ್’) ಅಗ್ಗದ ಕೃಪೆ ಅನ್ನುವ ಮಾತು ಬರುತ್ತದೆ. ಪಶ್ಚಾತ್ತಾಪ ಇಲ್ಲದ ಕ್ಷಮೆ ಅಂತ ಅದರ ಅರ್ಥ. ಅವರ ಜೈಲಿನ ಪತ್ರಗಳನ್ನು ಎಲ್ಲರೂ ಮೊದಲು ಓದುತ್ತಾರೆ. ನೀವು ಈ ಪುಸ್ತಕ ಮುಗಿಸಿ ಆಮೇಲೆ ಓದಿ. 1945ರ ಏಪ್ರಿಲ್‌ನಲ್ಲಿ ನಾಜಿಗಳು ಅವರನ್ನು ಗಲ್ಲಿಗೇರಿಸಿದರು. ಪತ್ರಗಳಲ್ಲಿ ಎಷ್ಟೋ ವಿಚಾರ ಅರ್ಧಕ್ಕೇ ನಿಂತಿವೆ, ಹಿಂದಿನದು ಗೊತ್ತಿಲ್ಲದೆ ಓದಿದರೆ ತಪ್ಪು ತಿಳಿಯುವುದು ಸುಲಭ.

ನಿಮ್ಮ ಮೊದಲ ಪುಸ್ತಕವನ್ನು ಮಾತ್ರ ಯಾರಿಗೂ ಕೊಡಬೇಡಿ. ಬಾರ್ಮೆನ್ ಆದ ಮೇಲೆ ಅದರಲ್ಲಿ ಕ್ರಿಸ್ತನ ಬಗ್ಗೆ ಇರುವ ಅಧ್ಯಾಯ ಮತ್ತೆ ತೆಗೆದು ನೋಡಿ. ಆ ಐದನೇ ಅಂಶದಲ್ಲಿ ಎಲ್ಲಾದರೂ ಸಿಕ್ಕಿಕೊಂಡರೆ ಇಲ್ಲೇ ಬರೆಯಿರಿ, ಸಾಲು ಸಾಲಾಗಿ ಕೂತು ನೋಡೋಣ.