ಅದೇ ಔಷಧ, ಎರಡು ಹೆಸರು: ಪಬ್‌ಮೆಡ್‌ನಲ್ಲಿ ಹುಡುಕುವಾಗ

ಪ್ರಶ್ನೆ: ಖಾಸಗಿ ಫಾರ್ಮಸಿ ಕಾಲೇಜಿನಲ್ಲಿ ಫಾರ್ಮಕಾಲಜಿ ಕಲಿಸುತ್ತೇನೆ. ಪ್ಯಾರಸಿಟಮಾಲ್‌ನಿಂದ ಲಿವರ್‌ಗೆ ಆಗುವ ಹಾನಿಯ ಬಗ್ಗೆ ವೈದ್ಯಕೀಯ ಸಂಶೋಧನಾ ಲೇಖನಗಳ ಆನ್‌ಲೈನ್ ಸೂಚಿ ಪಬ್‌ಮೆಡ್‌ನಲ್ಲಿ ಹುಡುಕಿದರೆ ಒಂದು ಸಲ ರಾಶಿ ಲೇಖನ ಬರುತ್ತವೆ, ಇನ್ನೊಂದು ಸಲ ಅದರಲ್ಲಿ ಒಂದು ಪಾಲು ಮಾತ್ರ. ಪದ ಅದೇ. ಹೀಗೇಕೆ?

ಉತ್ತರ: ಎರಡನೇ ಸಲ ಪದಕ್ಕೆ ಉದ್ಧರಣ ಚಿಹ್ನೆ ಹಾಕಿರಬೇಕು, ನೋಡಿ. ಬರೀ ಪ್ಯಾರಸಿಟಮಾಲ್ ಎಂದು ಕೊಟ್ಟರೆ ಪಬ್‌ಮೆಡ್ ಅದನ್ನು ತಾನಾಗಿಯೇ ಅಸಿಟಮಿನೋಫೆನ್‌ಗೂ ಜೋಡಿಸಿಕೊಳ್ಳುತ್ತದೆ. ಅಲ್ಲಿನ ವಿಷಯಪದಗಳ ಪಟ್ಟಿ ‘ಮೆಶ್’ನಲ್ಲಿ ಈ ಔಷಧ ಇರುವುದು ಆ ಅಮೆರಿಕನ್ ಹೆಸರಿನಲ್ಲೇ. ಉದ್ಧರಣ ಚಿಹ್ನೆಯೋ ಪದದ ಕೊನೆಗೆ ನಕ್ಷತ್ರವೋ ಬಿದ್ದರೆ ಜೋಡಣೆ ನಿಂತುಹೋಗುತ್ತದೆ. ಸಾಲ್ಬುಟಮಾಲ್ ಅಲ್ಲಿ ಆಲ್ಬುಟೆರಾಲ್, ಅಡ್ರಿನಾಲಿನ್ ಅಲ್ಲಿ ಎಪಿನೆಫ್ರಿನ್. ಜೋಡಣೆ ನಿಂತಾಗ ನಮ್ಮ ಪಠ್ಯಪುಸ್ತಕದ ಹೆಸರನ್ನೇ ನಂಬಿ ಕೂತರೆ ಅರ್ಧ ಸಾಹಿತ್ಯ ಕೈತಪ್ಪುತ್ತದೆ.

ಅನುಮಾನ ಬಂದಾಗ ಊಹೆ ಬೇಡ. ‘ಅಡ್ವಾನ್ಸ್‌ಡ್’ ಪುಟದ ಹಿಸ್ಟರಿಯಲ್ಲಿ ಡೀಟೇಲ್ಸ್ ಕಾಲಂನ ಬಾಣ ಒತ್ತಿ. ನಿಮ್ಮ ಪದವನ್ನು ಅದು ಏನೆಂದು ಓದಿಕೊಂಡಿತು ಎಂಬುದು ಅಕ್ಷರಶಃ ಕಾಣುತ್ತದೆ.

ಇನ್ನೊಂದು ಎಡವಟ್ಟು ಆವರಣ ಚಿಹ್ನೆಯದ್ದು. ಪಬ್‌ಮೆಡ್ ಎಡದಿಂದ ಬಲಕ್ಕೆ ಓದುತ್ತದೆ. ‘ಹೆಪಟೋಟಾಕ್ಸಿಸಿಟಿ ಆ್ಯಂಡ್ ಪ್ಯಾರಸಿಟಮಾಲ್ ಆರ್ ಅಸಿಟಮಿನೋಫೆನ್’ ಎಂದರೆ ಲಿವರ್‌ಗೆ ಸಂಬಂಧವೇ ಇಲ್ಲದ ಅಸಿಟಮಿನೋಫೆನ್ ಲೇಖನಗಳೂ ಮೈಮೇಲೆ ಬೀಳುತ್ತವೆ. ಔಷಧದ ಎರಡೂ ಹೆಸರನ್ನು ಒಂದೇ ಆವರಣದೊಳಗೆ ಹಾಕಿ. ಆ್ಯಂಡ್, ಆರ್ ಎರಡೂ ದೊಡ್ಡಕ್ಷರದಲ್ಲಿರಲಿ. ಬರೀ ಮೆಶ್ ಪದ ಹಿಡಿದು ಹುಡುಕುವುದೂ ಸಾಲದು: ಪಬ್‌ಮೆಡ್‌ನ ಎಲ್ಲ ಲೇಖನಕ್ಕೂ ಮೆಶ್ ಅಂಟಿಸಿರುವುದಿಲ್ಲ.

ನಾಳೆ ಬೆಳಿಗ್ಗೆಯ ಪಾಠಕ್ಕಾದರೆ ಇಷ್ಟೆಲ್ಲ ಬೇಡವೇ ಬೇಡ. ‘ಲಿವರ್‌ಟಾಕ್ಸ್’ ತೆರೆಯಿರಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್‌ನ ಉಚಿತ ತಾಣ. ಹಲವು ಔಷಧಗಳಿಗೆ ಲಿವರ್ ಹಾನಿಯ ಬಗೆ, ಕಾರಣ, ರೋಗಿಯ ಉದಾಹರಣೆ ಒಂದೇ ಕಡೆ ಸಿಗುತ್ತವೆ.

ಪ್ರಶ್ನೆ: ಬೇಕಾದ ಜರ್ನಲ್ ಕಾಲೇಜಿನಲ್ಲಿ ತೆರೆಯುತ್ತದೆ, ಮನೆಯಲ್ಲಿ ದುಡ್ಡು ಕೇಳುತ್ತದೆ. ಏನು ಮಾಡಲಿ?

ಉತ್ತರ: ಪ್ರಕಾಶಕರು ಗುರುತಿಸುವುದು ನಿಮ್ಮನ್ನಲ್ಲ, ಕಾಲೇಜಿನ ಐಪಿ ವಿಳಾಸವನ್ನು. ಲೈಬ್ರೇರಿಯನ್ ಹತ್ತಿರ ರಿಮೋಟ್ ಲಾಗಿನ್ ಕೇಳಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಾದರೆ ಅದರ ಡಿಜಿಟಲ್ ಲೈಬ್ರರಿ ಜಾಲ ‘ಹೆಲಿನೆಟ್’ ಮೂಲಕ ಏನೇನು ಸಿಗುತ್ತದೆ ಎಂದೂ ವಿಚಾರಿಸಿ. 2025ರ ಜನವರಿಯಲ್ಲಿ ಶುರುವಾದ ಕೇಂದ್ರದ ಜರ್ನಲ್ ಚಂದಾ ಯೋಜನೆ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಸರ್ಕಾರಿ ಸಂಸ್ಥೆಗಳಿಗೆಂದು ಮಾಡಿದ್ದು, ಅದನ್ನು ನೆಚ್ಚಿಕೊಳ್ಳಬೇಡಿ. ಎಲ್ಲೂ ಸಿಗದಿದ್ದರೆ ಲೇಖನದ ಶೀರ್ಷಿಕೆಯ ಬದಲು ಪಬ್‌ಮೆಡ್ ಅದಕ್ಕೆ ಕೊಟ್ಟ ಪಿಎಂಐಡಿ ಸಂಖ್ಯೆಯನ್ನೇ ಬರೆದುಕೊಡಿ. ಬೇರೆ ಲೈಬ್ರರಿಯಿಂದ ತರಿಸುವವರು ತಪ್ಪು ಲೇಖನ ತರಿಸುವುದಿಲ್ಲ.

ಪ್ರಶ್ನೆ: ಪ್ಯಾರಸಿಟಮಾಲ್ ಮಾತ್ರೆಯ ಅಸ್ಸೇಗೆ (ಔಷಧದ ಪ್ರಮಾಣ ಅಳೆಯುವ ಪರೀಕ್ಷೆ) ಗೈಡ್‌ನಲ್ಲಿರುವ, ಬೆಳಕು ಹೀರಿಕೆಯ 715 ಎಂಬ ಅಂಕಿ ಬಳಸಿದರೆ ವಿದ್ಯಾರ್ಥಿಗಳ ಲೆಕ್ಕ ತಪ್ಪುತ್ತಿದೆ.

ಉತ್ತರ: ಆ ಅಂಕಿ 257 ನ್ಯಾನೋಮೀಟರ್ ತರಂಗಾಂತರಕ್ಕೆ, ಅದೂ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣಕ್ಕೆ ಮಾತ್ರ. ಮೆಥನಾಲ್‌ನಲ್ಲಿ ಕರಗಿಸಿ ಅದನ್ನೇ ಹಾಕಿದರೆ ಲೆಕ್ಕ ಕೆಡುತ್ತದೆ. ಗೈಡ್‌ಗಳು ಅಂಕಿ ಉಳಿಸಿಕೊಂಡು ದ್ರಾವಕ ಬಿಟ್ಟುಬಿಡುತ್ತವೆ. ಲೈಬ್ರರಿಯ ರೆಫರೆನ್ಸ್ ವಿಭಾಗದಲ್ಲಿರುವ, ಔಷಧಗಳ ಅಧಿಕೃತ ಮಾನದಂಡ ಗ್ರಂಥ ಇಂಡಿಯನ್ ಫಾರ್ಮಕೊಪಿಯಾದಲ್ಲಿ ಈ ಮಾತ್ರೆಯ ಮೊನೊಗ್ರಾಫ್ (ಅದರ ಪುಟ) ತೆರೆದು ನೋಡಿ. ಮೊದಲು ಸಂಪುಟದ ಇಸವಿ, ಆಮೇಲೆ ಅದರ ಅಡೆಂಡಂ (ತಿದ್ದುಪಡಿಯ ಪುರವಣಿ) ನೋಡಿ.