ಗಸಿ ಕೂತ ಬಾಟಲಿ ಕೆಟ್ಟಿದೆಯಾ?

ಪ್ರಶ್ನೆ: ದುಬೈಯಿಂದ ಅಣ್ಣ ಲೆಬನಾನಿನ ‘ಶಾತೋ ಮುಸಾರ್’ ಕೆಂಪು ವೈನ್ ತಂದಿದ್ದಾನೆ. ಏಳು ವರ್ಷ ಹಳೆಯದು, ತಳದಲ್ಲಿ ಕಪ್ಪು ಗಸಿ ಬೇರೆ. ಚೆಲ್ಲಿಬಿಡಲಾ?
— ಓದುಗರು, ಮಂಗಳೂರು

ಉತ್ತರ: ಅಯ್ಯೋ, ಚೆಲ್ಲಬೇಡಿ! ಏಳು ವರ್ಷ ಅಂದರೆ ಅದು ಆಗಷ್ಟೇ ಮಾರಾಟಕ್ಕೆ ಬಂದಿದ್ದು. ಈ ವೈನ್ ಮಾಡುವವರು ದ್ರಾಕ್ಷಿ ಕೊಯ್ದು ಸುಮಾರು ಏಳು ವರ್ಷ ಆದಮೇಲೇ ಬಾಟಲಿ ಹೊರಗೆ ಬಿಡೋದು. ಸೋಸುವುದಿಲ್ಲ, ಅದಕ್ಕೇ ಗಸಿ.

1930ರಲ್ಲಿ ಗ್ಯಾಸ್ಟನ್ ಹೊಶಾರ್ ಶುರು ಮಾಡಿದ್ದು, ಇವತ್ತಿಗೂ ಅದೇ ಕುಟುಂಬದ ಕೈಯಲ್ಲಿದೆ. ತೋಟಗಳಿರುವುದು ಬೆಕಾ ಕಣಿವೆಯಲ್ಲಿ, ವೈನ್ ಮಾಡುವುದು ಬೆಟ್ಟದಾಚೆ ಗಝೀರ್‌ನಲ್ಲಿ. 1975ರಿಂದ 1990ರವರೆಗೆ ಅಲ್ಲಿ ಅಂತರ್ಯುದ್ಧ ನಡೀತಿತ್ತಲ್ವಾ, ಗುಂಡಿನ ಮಧ್ಯೆಯೇ ದ್ರಾಕ್ಷಿ ಲಾರಿಗಳು ಬೆಟ್ಟ ದಾಟಿ ಬರಬೇಕಿತ್ತು. 1976ರಲ್ಲಿ ವೈನ್ ಮಾಡಲಾಗಲೇ ಇಲ್ಲ. ಆಗ ಹಟ ಹಿಡಿದು ಕೆಲಸ ನಡೆಸಿದ ಗ್ಯಾಸ್ಟನ್ ಮಗ ಸೆರ್ಜ್‌ಗೆ 1984ರಲ್ಲಿ ಬ್ರಿಟನ್ನಿನ ವೈನ್ ಪತ್ರಿಕೆ ‘ಡಿಕ್ಯಾಂಟರ್’ ‘ವರ್ಷದ ವ್ಯಕ್ತಿ’ ಗೌರವ ಕೊಟ್ಟಿತು.

ಕ್ಯಾಬರ್ನೆ ಸೊವಿನ್ಯೋನ್, ಸಿನ್ಸೋ, ಕ್ಯಾರಿನ್ಯಾನ್ ಅಂತ ಮೂರು ದ್ರಾಕ್ಷಿ ಬೆರೆಸುತ್ತಾರೆ. ತೆಗೆದ ಕೂಡಲೇ ಸ್ವಲ್ಪ ವಿನೆಗರ್ ವಾಸನೆ ಬಂದರೂ ಹೆದರಬೇಡಿ, ಅದರ ಜಾಯಮಾನವೇ ಹಾಗೆ. ಕೆಲವರಿಗೆ ಹಿಡಿಸಲ್ಲ, ನನಗಂತೂ ಇಷ್ಟ.

ಒಂದು ದಿನ ಬಾಟಲಿ ನೆಟ್ಟಗೆ ನಿಲ್ಲಿಸಿ, ಆಮೇಲೆ ಗಾಜಿನ ಜಗ್ಗಿಗೆ ನಿಧಾನ ಬಗ್ಗಿಸಿ, ಗಸಿ ಬರುವಷ್ಟರಲ್ಲಿ ನಿಲ್ಲಿಸಿಬಿಡಿ. ಮಂಗಳೂರಿನ ಸೆಖೆಯಲ್ಲಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟರೂ ತಪ್ಪಿಲ್ಲ. ಜೊತೆಗೆ ಮಟನ್ ಸುಕ್ಕ ಇರಲಿ, ಖಾರ ಮಾತ್ರ ಜಾಸ್ತಿ ಬೇಡ.